ಮೇಷ್ಟರು ಬೆಟ್ಟಕ್ಕೆ ಹೋದದ್ದು

ನನ್ನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ಇಪ್ಪತ್ತೊಂದು ವರ್ಷ ಗಣಿತದ ಪಾಠ ಹೇಳಿದವರು. ಮೂರು ವರ್ಷದ ಹಿಂದೆ ಒಂದು ಸಂಜೆ ಮನೆಗೆ ಬಂದು, ಕಾಫಿ ಕುಡಿಯುತ್ತ, ತಾವು ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಗೆ ವರ್ಗ ಮಾಡಿಸಿಕೊಂಡಿರುವುದಾಗಿ ತಿಳಿಸಿದರು. ವರ್ಗವಾಗಿದೆ ಎಂದಿದ್ದರೆ ನಾನು ಮರುಗುತ್ತಿದ್ದೆ. ಮಾಡಿಸಿಕೊಂಡಿದ್ದೇನೆ ಎಂದದ್ದರಿಂದ ಏನು ಹೇಳಬೇಕೋ ತೋಚಲಿಲ್ಲ. ಐವತ್ತರ ಸಮೀಪಕ್ಕೆ ಬಂದ ಮನುಷ್ಯ. ಮದುವೆಯಾಗಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ. ಅದೇ ಬೀದಿಯ ಕೊನೆಯಲ್ಲಿ ತಂಗಿಯ ಸಂಸಾರ. ಡಿಸೆಂಬರಿನಲ್ಲಿ ಬೆಳಗ್ಗೆ ವಾಕಿಂಗ್ ಹೊರಟರೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದವರು ಹಿಮ ಬೀಳುವ ಊರಿಗೆ ಹೊರಟಿದ್ದರು.

ಸುದ್ದಿ ಹರಡಿದ ಮೇಲೆ ಸ್ನೇಹಿತರಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು, “ಬುದ್ಧಿ ಕೆಟ್ಟಿದೆ, ಮಂಡಿ ನೋವು ಬಂದಾಗ ತಾನೇ ತಿಳಿಯುತ್ತದೆ” ಎಂದರು. ಇನ್ನೊಂದು ಪಕ್ಷದವರು, “ಎಂಥ ತ್ಯಾಗ! ಹಿಂದುಳಿದ ಕಡೆಯ ಮಕ್ಕಳಿಗಾಗಿ ಊರನ್ನೇ ಬಿಟ್ಟರಲ್ಲ!” ಎಂದು ಕೊಂಡಾಡಿದರು. ಈ ಎರಡು ಮಾತುಗಳ ನಡುವೆ ಯಾರ ಗಮನಕ್ಕೂ ಬಾರದೆ ಉಳಿದ ಮೂರನೆಯ ಮಾತೊಂದಿತ್ತು. ಅದನ್ನು ಆಡಿದವನು ಅವರ ಹತ್ತನೆಯ ತರಗತಿಯ ಒಬ್ಬ ಹುಡುಗ. ವರ್ಗದ ಆಜ್ಞೆ ಸೆಪ್ಟೆಂಬರಿನಲ್ಲಿ, ಎಂದರೆ ಶಾಲೆಯ ವರ್ಷದ ನಟ್ಟನಡುವೆ ಬಂದಿತ್ತು. ಬೀಳ್ಕೊಡುವ ದಿನ ಹಾರ, ಭಾಷಣ, ಫೋಟೋ ಎಲ್ಲವೂ ಆದಮೇಲೆ ಆ ಹುಡುಗ ಹತ್ತಿರ ಬಂದು, “ನಮ್ಮಿಂದ ಬೇಜಾರಾಗಿ ಹೋಗ್ತಿದೀರಾ, ಸಾರ್?” ಎಂದು ಕೇಳಿದನಂತೆ. ಸ್ನೇಹಿತರು ಅವನ ಬೆನ್ನು ತಟ್ಟಿ ನಕ್ಕುಬಿಟ್ಟರು. ನಗುವುದು ಉತ್ತರವಲ್ಲವೆಂಬುದು ಅವರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ನನಗೆ ಬಂದು ಹೇಳಿದರು.

ಉಪಾಧ್ಯಾಯನಾದವನು ಇರುವ ಊರನ್ನು ಬಿಟ್ಟು, ಚಳಿ ಹೆಚ್ಚಾಗಿಯೂ ಪೇಟೆ ಕಡಿಮೆಯಾಗಿಯೂ ಇರುವ ಬೇರೊಂದು ಸೀಮೆಗೆ ತನ್ನ ಇಷ್ಟದಿಂದ ಹೋಗುವುದು ಧರ್ಮವೋ, ಪಲಾಯನವೋ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಬ್ಯಾಂಕಿನ ಮೇನೇಜರು ವರ್ಗವಾಗಿ ಹೋದರೆ ನಮ್ಮ ಖಾತೆಯಲ್ಲಿರುವ ಹಣ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೇಷ್ಟರ ವಿಷಯ ಹಾಗಲ್ಲ. ಯಾವ ಹುಡುಗಿಗೆ ಕಪ್ಪುಹಲಗೆಯ ಅಕ್ಷರ ಕಾಣುವುದಿಲ್ಲ, ಯಾವ ಹುಡುಗ ಅರ್ಥವಾಗದಿದ್ದರೂ ತಲೆಯಾಡಿಸುತ್ತಾನೆ, ಯಾರನ್ನು ಗದರಿಸಿದರೆ ಕಲಿಯುತ್ತಾರೆ, ಯಾರನ್ನು ಗದರಿಸಿದರೆ ಮುದುಡಿಹೋಗುತ್ತಾರೆ—ಇದನ್ನು ತಿಳಿಯುವುದಕ್ಕೆ ಒಂದು ವರ್ಷ ಬೇಕು. ಈ ತಿಳಿವಳಿಕೆಯನ್ನು ಚಾರ್ಜು ವಹಿಸಿಕೊಡುವಾಗ ಬೀಗದ ಕೈಗಳ ಜೊತೆ ಮುಂದಿನವರಿಗೆ ಕೊಟ್ಟುಹೋಗುವಂತಿಲ್ಲ. ಅದು ಹೋಗುವವನ ಜೊತೆಗೇ ಹೋಗುತ್ತದೆ. ಆದುದರಿಂದ ಮೇಷ್ಟರು ಊರು ಬಿಡುವುದು ಅವರೊಬ್ಬರ ಸ್ವಂತ ವಿಷಯವಲ್ಲ.

ಮೊದಲು ತ್ಯಾಗದ ಮಾತನ್ನು ನೋಡೋಣ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಗಾದೆ. ಪೇಟೆಯವರಾದ ನಮಗೆ ದೂರದ ಬೆಟ್ಟ ನುಣ್ಣಗೆ ಕಾಣುವುದು ಮಾತ್ರವಲ್ಲ, ಕತ್ತಲಾಗಿಯೂ ಕಾಣುತ್ತದೆ. ನಾವು ಹೋಗಿ ದೀಪ ಹಚ್ಚಬೇಕೆಂದು ತೋರುತ್ತದೆ. ಹಿಮಾಚಲ ಪ್ರದೇಶ ಹಳ್ಳಿಗಳ ಸೀಮೆಯೆಂಬುದೇನೋ ನಿಜ. 2011ರ ಜನಗಣತಿಯಂತೆ ಅಲ್ಲಿ ಪಟ್ಟಣವಾಸಿಗಳು ನೂರಕ್ಕೆ ಹತ್ತು ಮಂದಿ. ಭಾರತದ ಬೇರಾವ ರಾಜ್ಯದಲ್ಲಿಯೂ ಇಷ್ಟು ಕಡಿಮೆ ಇರಲಿಲ್ಲ. ಕರ್ನಾಟಕದಲ್ಲಿ ಆಗ ನೂರಕ್ಕೆ 38ಕ್ಕೂ ಮೇಲೆ. ನನ್ನ ಸ್ನೇಹಿತರು ಹೋದ ಕಿನ್ನೌರಿನಲ್ಲಂತೂ ಆ ಗಣತಿಯ ಲೆಕ್ಕಕ್ಕೆ ಪಟ್ಟಣವೆಂಬುದೇ ಇರಲಿಲ್ಲ. ಇಡೀ ಜಿಲ್ಲೆಗೆ ಜನ 84,121. ಬೆಂಗಳೂರಿನ ಒಂದೆರಡು ಬಡಾವಣೆಗಳಲ್ಲಿ ಇಷ್ಟು ಜನ ಸಿಕ್ಕುತ್ತಾರೆ.

ಆದರೆ ಅದೇ ಜನಗಣತಿಯ ಇನ್ನೊಂದು ಪುಟವನ್ನೂ ತಿರುವಬೇಕು. ಅಕ್ಷರ ಬಲ್ಲವರು ಹಿಮಾಚಲದಲ್ಲಿ ನೂರಕ್ಕೆ 82.80, ಕರ್ನಾಟಕದಲ್ಲಿ 75.36. ಹಳ್ಳಿಗಾಡಿನ ಬೆಟ್ಟದವರು ನಮಗಿಂತ ಮುಂದಿದ್ದರು! 1999ರಲ್ಲಿ ಪ್ರಕಟವಾದ, ಪ್ರೋಬ್ ಎಂದು ಹೆಸರಾದ ಪ್ರಾಥಮಿಕ ಶಿಕ್ಷಣದ ವರದಿಯೂ ಹಿಮಾಚಲದ ಶಾಲೆಗಳು ಸಾಧಿಸಿದ್ದನ್ನು ಒಂದು ಕ್ರಾಂತಿಯೆಂದೇ ಕರೆಯಿತು. ಹೆಣ್ಣುಮಕ್ಕಳು ಹೊಲದಲ್ಲಿ ದುಡಿಯುವುದು, ಶಾಲೆಗೂ ಹೋಗುವುದು ಅಲ್ಲಿ ರೂಢಿ. ಹೀಗಿರುವಾಗ ಬೆಂಗಳೂರಿನಿಂದ ಒಬ್ಬರು ಮೇಷ್ಟರು ಅಲ್ಲಿಗೆ ಹೋಗುವುದನ್ನು ಜ್ಞಾನದಾನ ಎನ್ನುವುದಾದರೆ, ದಾನ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬುದನ್ನು ಇನ್ನೊಮ್ಮೆ ಕೂಡಿಸಿ ಕಳೆದು ನೋಡಬೇಕಾಗುತ್ತದೆ.

ನನ್ನ ಸ್ನೇಹಿತರ ಗುಣವೆಂದರೆ ಅವರು ತ್ಯಾಗದ ಮಾತನ್ನು ತಾವಾಗಿ ಆಡಲಿಲ್ಲ. ನಾನು ಒತ್ತಿ ಕೇಳಿದಾಗ, “ದಣಿದಿದ್ದೇನೆ ಕಣಯ್ಯ” ಎಂದರು. ಶಾಲೆಗೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ. ತರಗತಿಯಲ್ಲಿ ಐವತ್ತು ಮಕ್ಕಳು. ಅವರಲ್ಲಿ ಮೂವತ್ತು ಮಂದಿ ಪಾಠವನ್ನು ಟ್ಯೂಶನ್ನಿನಲ್ಲಿ ಆಗಲೇ ಮುಗಿಸಿ ಬಂದವರು, ಮೇಷ್ಟರು ಹೇಳುವುದನ್ನು ಹಳಸಿದ ಅನ್ನದಂತೆ ನೋಡುವವರು. ಎಲ್ಲಿಯಾದರೂ ಮೌನವಿರುವ ಕಡೆ, ತನ್ನ ಪಾಠ ಮಕ್ಕಳಿಗೆ ಮೊದಲ ಬಾರಿಗೆ ಕೇಳಿಸುವ ಕಡೆ, ಉಳಿದ ಹತ್ತು ಹನ್ನೆರಡು ವರ್ಷಗಳ ಸೇವೆಯನ್ನು ಕಳೆಯಬೇಕೆಂದು ಅವರಿಗೆ ಆಸೆಯಾಯಿತು. ಅಲ್ಲಿಗೆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಹೊರಟಂತಾಯಿತು: ಹೌದು, ಬೇಜಾರಾಗಿಯೇ ಹೋದರು.

ಬೇಜಾರಾಗುವುದು ಪಾಪವಲ್ಲ. ಬೇಜಾರಾದ ಮೇಷ್ಟರು ತರಗತಿಯಲ್ಲಿ ಕುಳಿತಿರುವುದಕ್ಕಿಂತ ಬೇರೆ ಕಡೆಗೆ ಹೋಗುವುದು ಮಕ್ಕಳಿಗೂ ಒಳ್ಳೆಯದೆಂದು ವಾದಿಸಬಹುದು. ಆದರೆ ಅಲ್ಲೊಂದು ತೊಡಕಿದೆ. ನನ್ನ ದಣಿವಿಗೆ ಹಿಮಾಲಯವನ್ನು ಔಷಧಿಯನ್ನಾಗಿ ಮಾಡಿಕೊಂಡರೆ, ಆ ಔಷಧಿಯ ಬಾಟಲಿಯೊಳಗೆ ಮನುಷ್ಯರಿದ್ದಾರೆ. ದೇವದಾರು ಮರ ನನ್ನ ಮನಶ್ಶಾಂತಿಗಾಗಿ ನಿಂತಿದೆಯೆಂದು ಭಾವಿಸಿಕೊಂಡರೆ ಮರಕ್ಕೇನೂ ನಷ್ಟವಿಲ್ಲ. ಮಗು ನನ್ನ ಮನಶ್ಶಾಂತಿಗಾಗಿ ಬೆಂಚಿನ ಮೇಲೆ ಕುಳಿತಿದೆಯೆಂದು ಭಾವಿಸಿಕೊಂಡರೆ ಮಗುವಿಗೆ ನಷ್ಟವುಂಟು. ಔಷಧಿ ಹಿಡಿಸದಿದ್ದರೆ ರೋಗಿ ಬಾಟಲಿ ಬದಲಾಯಿಸುತ್ತಾನೆ. ಬಾಟಲಿಯೊಳಗಿನವರ ಗತಿಯೇನು?

ಇದು ಒಬ್ಬರ ಮನಸ್ಸಿನ ದೋಷ ಮಾತ್ರವಲ್ಲ. ನಮ್ಮ ಕಚೇರಿಗಳ ಭಾಷೆಯೇ ಹಾಗಿದೆ. ನನ್ನ ಸ್ನೇಹಿತರು ಕೇಂದ್ರ ಸರ್ಕಾರದ ಶಾಲೆಗಳಿಗೆ ಸೇರಿದವರು. ಅಲ್ಲಿನ ಕಡತದಲ್ಲಿ ಇಂಥ ಊರುಗಳಿಗೆ ‘ಕಠಿಣ ಸ್ಥಳ’ ಎಂದು ಹೆಸರು. ಕಠಿಣ ಸ್ಥಳದಲ್ಲಿ ಇಂತಿಷ್ಟು ವರ್ಷ ಕಳೆದವರಿಗೆ, ತಾವು ಬಯಸಿದ ಊರಿಗೆ ವರ್ಗ ಕೇಳುವಾಗ ಆದ್ಯತೆ. ನಿಯಮ ನ್ಯಾಯವಾದದ್ದೇ, ಅದಿಲ್ಲದಿದ್ದರೆ ಅಲ್ಲಿಗೆ ಹೋಗುವವರೇ ಇರಲಾರರು. ಕರ್ನಾಟಕದಲ್ಲಿಯೂ ಶಿಕ್ಷಕರ ವರ್ಗಾವಣೆಗಾಗಿ 2007ರಲ್ಲಿ ಆದ ಕಾಯಿದೆ ಊರುಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ಹಂಚಿತು. ಪೇಟೆಯಿಂದ ದೂರವಾದಷ್ಟೂ ಅಕ್ಷರ ಕೆಳಗಿಳಿಯಿತು. ಆದರೆ ಒಂದು ಕ್ಷಣ ಆ ಊರಿನ ಮಗುವಿನ ಜಾಗದಲ್ಲಿ ನಿಂತು ನೋಡಿ. ತಾನು ಹುಟ್ಟಿದ ಮನೆ, ಅಜ್ಜಿ ಇರುವ ಮನೆ, ಸೇಬಿನ ಗಿಡಗಳಿರುವ ಹಿತ್ತಿಲು—ಇದಕ್ಕೆ ಯಾರದೋ ಕಡತದಲ್ಲಿ ‘ಕಠಿಣ’ ಎಂದು ಹೆಸರು. ತನಗೆ ಪಾಠ ಹೇಳುವವರು ಅಲ್ಲಿ ಕಳೆಯುವ ದಿನಗಳು ಸೆರೆಮನೆಯ ಅವಧಿಯಂತೆ ಎಣಿಸಲ್ಪಡುವ ದಿನಗಳು. ಮಕ್ಕಳಿಗೆ ಕಡತ ಓದಲು ಬಾರದಿದ್ದರೂ ಮೇಷ್ಟರ ಮುಖ ಓದಲು ಬರುತ್ತದೆ.

ಕಿನ್ನೌರಿಗೆ ಹೋದ ಮೊದಲ ವಾರವೇ ನನ್ನ ಸ್ನೇಹಿತರಿಗೆ ಈ ಪಾಠವಾಯಿತು. ಏಳನೆಯ ತರಗತಿ. ಹೆಸರು, ಊರು ಎಲ್ಲ ಹೇಳಿಕೊಂಡಾದ ಮೇಲೆ, “ಏನಾದರೂ ಕೇಳುವುದಿದ್ದರೆ ಕೇಳಿ” ಎಂದರು. ಕರ್ನಾಟಕ ಎಲ್ಲಿದೆ, ಸಮುದ್ರ ನೋಡಿದ್ದೀರಾ ಎಂದು ಮಕ್ಕಳು ಕೇಳಬಹುದೆಂದು ಅವರ ಎಣಿಕೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ಬಹು ಮರ್ಯಾದೆಯಿಂದ, “ಆಪ್ ಕಬ್ ಜಾಯೇಂಗೆ, ಸರ್?” ಎಂದಳು. ನೀವು ಯಾವಾಗ ಹೋಗುತ್ತೀರಿ? ಅದರಲ್ಲಿ ಕುಚೋದ್ಯವಿರಲಿಲ್ಲ. ಎರಡು ವರ್ಷಗಳಲ್ಲಿ ಅವರು ಆ ತರಗತಿಗೆ ನಾಲ್ಕನೆಯ ಗಣಿತದ ಮೇಷ್ಟರಂತೆ. ಮಳೆ ಯಾವಾಗ ಎಂದು ಕೇಳುವಂತೆ ಅವಳು ಕೇಳಿದ್ದಳು. ಮೊದಲೇ ತಿಳಿದಿದ್ದರೆ ಸಿದ್ಧವಾಗಿರಬಹುದಲ್ಲ ಎಂದು.

ಬೆಂಗಳೂರಿನ ಹುಡುಗ, ಯಾಕೆ ಹೋಗುತ್ತೀರಿ ಎಂದು ಕೇಳಿದ. ಬೆಟ್ಟದ ಹುಡುಗಿ, ಯಾವಾಗ ಹೋಗುತ್ತೀರಿ ಎಂದು ಕೇಳಿದಳು. ಮೊದಲನೆಯ ಪ್ರಶ್ನೆಯಲ್ಲಿ ನೋವಿದೆ. ಎರಡನೆಯದರಲ್ಲಿ ನೋವು ಕೂಡ ಉಳಿದಿಲ್ಲ. ಮೇಷ್ಟರು ಇರುತ್ತಾರೆಂದು ನಂಬಿದವನಿಗೆ ಮಾತ್ರ ಹೋಗುವ ಕಾರಣ ಬೇಕು. ನಂಬಿಕೆಯೇ ಇಲ್ಲದವರಿಗೆ ತಾರೀಖು ಸಾಕು.

ಚಳಿಯ ವಿಷಯ ಬಹಳ ಬರೆಯಬೇಕಾಗಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅವರ ಶಾಲೆ 2000 ಮೀಟರಿಗೂ ಮೇಲೆ. ನಲ್ಲಿಯೊಳಗೆ ನೀರು ಗಡ್ಡೆ ಕಟ್ಟುತ್ತದೆ. ತೆಂಗಿನೆಣ್ಣೆಯನ್ನು ಚಾಕುವಿನಿಂದ ಕೊರೆದು ತೆಗೆಯಬೇಕು. ಕುಕ್ಕರಿಲ್ಲದೆ ಬೇಳೆ ಬೇಯುವುದಿಲ್ಲ. ನಮಗೆ ಬೇಸಗೆಯಲ್ಲಿ ಬರುವ ದೊಡ್ಡ ರಜ ಅಲ್ಲಿಗೆ ಜನವರಿಯಲ್ಲಿ ಬರುತ್ತದೆ. ಸಟ್ಲೆಜ್ ನದಿಯ ಪಕ್ಕದ ಕಡಿದಾದ ರಸ್ತೆಯಲ್ಲಿ ಹೋಗಬೇಕು. 2021ರ ಆಗಸ್ಟಿನಲ್ಲಿ ನಿಗುಲ್ಸಾರಿಯ ಬಳಿ ಗುಡ್ಡ ಕುಸಿದು ಬಸ್ಸನ್ನೂ ಬೇರೆ ವಾಹನಗಳನ್ನೂ ಹೂತು ಅನೇಕರು ಸತ್ತದ್ದು ಈ ರಸ್ತೆಯಲ್ಲಿಯೇ. ಆದರೆ ಇವೆಲ್ಲ ಅಲ್ಲಿನವರಿಗೂ ಇವೆ. ಅವರು ಇದಕ್ಕಾಗಿ ಆದ್ಯತೆ ಕೇಳಿಲ್ಲ.

ನನ್ನ ಸ್ನೇಹಿತರು ಸಂತೋಷದಿಂದ ಬರೆದ ವಿಷಯ ಬೇರೆ. ಆ ಮಕ್ಕಳ ಮನೆಮಾತು ಕಿನ್ನೌರಿ. ಹಿಂದಿ ಶಾಲೆಯಲ್ಲಿ ಕಲಿತದ್ದು. ಇವರ ಮನೆಮಾತು ಕನ್ನಡ; ಹಿಂದಿ ಪರೀಕ್ಷೆಗಾಗಿ ಕಲಿತದ್ದು. ಇಬ್ಬರೂ ಸಾಲದ ಭಾಷೆಯಲ್ಲಿ ವ್ಯವಹರಿಸಬೇಕು. ಭಿನ್ನರಾಶಿಯನ್ನು ವಿವರಿಸುವಾಗ ಇವರಿಗೆ ಪದ ಸಿಕ್ಕದೆ ತಡವರಿಸಿದರೆ ಮಕ್ಕಳು ನಗುವುದಿಲ್ಲ. ತಾವೂ ಹುಡುಕಿ ಕೊಡುತ್ತಾರೆ. “ಇಪ್ಪತ್ತೊಂದು ವರ್ಷ ನಾನು ಗೊತ್ತಿದ್ದವನಂತೆ ನಿಂತಿದ್ದೆ. ಇಲ್ಲಿ ನಾವು ಒಟ್ಟಿಗೆ ಹುಡುಕುತ್ತಿದ್ದೇವೆ” ಎಂದು ಬರೆದಿದ್ದರು. ಹೋದ ಮೊದಲಲ್ಲಿ ಅಮ್ಮ ರಾಗಿ ಹಿಟ್ಟನ್ನು ಪಾರ್ಸೆಲ್ ಮಾಡುತ್ತಿದ್ದರು. ಆಮೇಲೆ ಹಿಮಾಚಲದಲ್ಲಿ ರಾಗಿಯನ್ನು ಕೋದ್ರಾ ಎಂಬ ಹೆಸರಿನಲ್ಲಿ ಬೆಳೆಯುತ್ತಾರೆಂದು ತಿಳಿದು ಪಾರ್ಸೆಲ್ ನಿಂತಿತು. ಅಮ್ಮನಿಗೆ ಅದರಿಂದ ಸಮಾಧಾನವೂ ಆಯಿತು, ಸ್ವಲ್ಪ ವ್ಯಥೆಯೂ ಆಯಿತೆಂದು ತೋರುತ್ತದೆ.

ಅವರು ಹೋದ ದಾರಿಯಲ್ಲಿ, ಸಿಮ್ಲಾ ದಾಟಿದ ಮೇಲೆ, ಕೋಟಗಢ ಎಂಬ ಸೀಮೆಯಿದೆ. ಅಲ್ಲಿಗೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇನ್ನೂ ದೂರದಿಂದ ಬಂದ ಒಬ್ಬರ ಕಥೆ ಇಲ್ಲಿ ಸಂಗತವಾಗಿದೆ. ಸ್ಯಾಮುಯೆಲ್ ಸ್ಟೋಕ್ಸ್ 1904ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಕುಷ್ಠರೋಗಿಗಳ ಸೇವೆಗೆಂದು ಬಂದವರು. ಆಗ ಇಪ್ಪತ್ತೊಂದು ವರ್ಷ, ಶ್ರೀಮಂತರ ಮನೆಯ ಮಗ. ಬೆಟ್ಟದಲ್ಲಿ ಕೆಲವು ಕಾಲ ಸನ್ಯಾಸಿಯ ನಿಲುವಂಗಿ ತೊಟ್ಟು ಬದುಕಿದರು. ಜನ ಗೌರವಿಸಿದರು. ಗೌರವಿಸಿದ್ದೇ ತೊಂದರೆಯಾಯಿತೆಂದು ನನಗೆ ತೋರುತ್ತದೆ. ಸನ್ಯಾಸಿ ಎಂದರೆ ಇಂದೋ ನಾಳೆಯೋ ಎದ್ದುಹೋಗಬಲ್ಲವನು. 1912ರಲ್ಲಿ ಅವರು ಅಲ್ಲಿಯವಳೇ ಆದ ಹೆಣ್ಣನ್ನು ಮದುವೆಯಾಗಿ, ಜಮೀನು ಕೊಂಡು, ಬೇಸಾಯಗಾರರಾದರು. ಅಮೆರಿಕದ ಸೇಬಿನ ಸಸಿ ತರಿಸಿ ನೆಟ್ಟರು. ಹಿಮಾಚಲದ ಇಂದಿನ ಸೇಬಿನ ಬಾಳ್ವೆಗೆ ಅದು ಬುನಾದಿಯಾಯಿತು. ಬೆಟ್ಟದವರಿಂದ ಬಿಟ್ಟಿ ಹೊರೆ ಹೊರಿಸುತ್ತಿದ್ದ ಬೇಗಾರ್ ಪದ್ಧತಿಯ ವಿರುದ್ಧ ಅವರೊಡನೆ ನಿಂತರು. 1921ರಲ್ಲಿ ಬ್ರಿಟಿಷರ ಸೆರೆಮನೆಗೂ ಹೋದರು. ತೀರಿಹೋದ ಮಗ ತಾರಾನ ಹೆಸರಿನಲ್ಲಿ ಊರಿನ ಮಕ್ಕಳಿಗೆ ಶಾಲೆ ನಡೆಸಿದರು. 1932ರಲ್ಲಿ ಸತ್ಯಾನಂದರೆಂದು ಹೆಸರಾಗಿ 1946ರಲ್ಲಿ ಅಲ್ಲಿಯೇ ಮಣ್ಣಾದರು.

ಸ್ಟೋಕ್ಸ್ ಬಂದಾಗ ಅವರ ಮನಸ್ಸಿನಲ್ಲಿದ್ದ ಉದ್ದೇಶವೇ ಕೊನೆಗೆ ನಡೆಯಿತೆಂದು ಹೇಳುವಂತಿಲ್ಲ. ಉಳಿದರು, ಉಳಿದಂತೆ ಉದ್ದೇಶ ತಿದ್ದಿಕೊಂಡಿತು. ಇದರಿಂದ ನನಗೆ ತೋರುವುದಿಷ್ಟು: ಹೊರಡುವಾಗ ಮನುಷ್ಯನ ಉದ್ದೇಶ ಶುದ್ಧವಾಗಿರುವುದು ಅಪರೂಪ. ದಣಿವು, ಅಭಿಮಾನ, ಹೊಸತರ ಆಸೆ, ಸ್ವಲ್ಪ ಒಳ್ಳೆಯತನ ಎಲ್ಲ ಕಲಸಿಕೊಂಡಿರುತ್ತವೆ. ಅದನ್ನು ಸೋಸುತ್ತ ಕುಳಿತರೆ ಯಾರೂ ಎಲ್ಲಿಗೂ ಹೋಗಲಾರರು. ಮೇಷ್ಟರ ಹೋಗುವಿಕೆ ಧರ್ಮವಾಯಿತೋ ಪಲಾಯನವಾಯಿತೋ ಎಂಬುದು ಹೊರಟ ದಿನ ತೀರ್ಮಾನವಾಗುವುದಿಲ್ಲ. ಉಳಿದ ದಿನಗಳಲ್ಲಿ ತೀರ್ಮಾನವಾಗುತ್ತದೆ.

ಹಾಗೆಂದು ಎಲ್ಲರೂ ಸ್ಟೋಕ್ಸ್ ಆಗಬೇಕೆಂದು ವಿಧಿಸುವುದು ಸುಲಭ, ಮಾಡುವುದು ಕಷ್ಟ. ಉಳಿಯುವುದೆಂದರೆ ಸಾಯುವವರೆಗೆ ಉಳಿಯುವುದೇ ಆಗಬೇಕೆ? ನನ್ನ ಸ್ನೇಹಿತರು ಇದಕ್ಕೆ ಗಣಿತದ ಮೇಷ್ಟರಿಗೆ ಒಪ್ಪುವ ಉತ್ತರ ಕಂಡುಕೊಂಡರು. ಮೊದಲ ಚಳಿಗಾಲದ ರಜಕ್ಕೆ ಬೆಂಗಳೂರಿಗೆ ಬಂದು ಫೆಬ್ರವರಿಯಲ್ಲಿ ಹಿಂತಿರುಗಿದಾಗ, ಮಕ್ಕಳು ಇವರನ್ನು ಕಂಡು ಪಿಸುಗುಟ್ಟಿದರು. ರಜಕ್ಕೆ ಹೋದ ಮೇಷ್ಟರು ಮರಳುವುದು ಅವರಿಗೆ ಹೊಸತು. ಆ ದಿನ ಇವರು ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಟ್ಟರು: “ನೀವು ಹತ್ತನೆಯ ತರಗತಿಯ ಪರೀಕ್ಷೆ ಬರೆದ ಮೇಲೆ ಹೋಗುತ್ತೇನೆ. ಅದಕ್ಕಿಂತ ಮೊದಲಲ್ಲ.” ಯಾವಾಗಲೂ ಇರುತ್ತೇನೆ ಎನ್ನಲಿಲ್ಲ. ಹೇಳಿದ್ದರೆ ಮಕ್ಕಳು ನಂಬುತ್ತಲೂ ಇರಲಿಲ್ಲ. ಅಳತೆಯಿರುವ ಮಾತು, ಅಳೆದು ನೋಡಬಹುದಾದ ಮಾತು. ದೊಡ್ಡ ವ್ರತಕ್ಕಿಂತ ಇಂಥ ಸಣ್ಣ ಕರಾರು ಮಗುವಿನ ಕೈಗೆ ಹೆಚ್ಚು ಗಟ್ಟಿಯಾಗಿ ಸಿಕ್ಕುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈ ಮಳೆಗಾಲದಲ್ಲಿ ಅವರ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅಮ್ಮನಿಗೆ ಎಂಬತ್ತೊಂದು ವರ್ಷ. ಇದೇ ಸೆಪ್ಟೆಂಬರಿಗೆ ಕಠಿಣ ಸ್ಥಳದಲ್ಲಿ ಸ್ನೇಹಿತರಿಗೆ ಮೂರು ವರ್ಷ ತುಂಬಿತು. ಅರ್ಜಿ ಹಾಕಿದರೆ ಬೆಂಗಳೂರು ಸಿಕ್ಕುವ ಸಂಭವವಿದೆ. ಏಳನೆಯ ತರಗತಿಯವರು ಈಗ ಹತ್ತನೆಯ ತರಗತಿಯಲ್ಲಿದ್ದಾರೆ. ಪರೀಕ್ಷೆಗೆ ಆರು ತಿಂಗಳು. ವಿಧಿ ಅವರನ್ನು ಮೂರು ವರ್ಷದ ಹಿಂದೆ ನಿಂತಿದ್ದ ಜಾಗಕ್ಕೇ ತಂದು ನಿಲ್ಲಿಸಿತು: ಹತ್ತನೆಯ ತರಗತಿಯನ್ನು ನಡುವೆ ಬಿಟ್ಟು ಹೋಗಬೇಕೆ? ಅಂದು ಬಿಟ್ಟುಹೋಗಲು ಕಾರಣ ಬೇಜಾರು. ಇಂದು ಕಾರಣ ತಾಯಿ. “ಏನು ಮಾಡಲಿ, ಬರೆ” ಎಂದು ನನಗೆ ಕಾಗದ ಬಂತು.

ಕಾಗದ ಹಿಡಿದು ಅಮ್ಮನನ್ನು ನೋಡಲು ಹೋದೆ. ನಾನು ಏನೂ ಕೇಳುವ ಮೊದಲೇ ಅವರು, “ಬರಲಿ ಅಂತ ಆಸೆ ಇದೆ ಕಣಪ್ಪ. ಹಾಗಂತ ಬಾ ಅಂತ ಬರೀಬೇಡ” ಎಂದರು. ಹೊರಗೆ ಬಂದಾಗ ತಂಗಿ ಬಾಗಿಲವರೆಗೂ ಬಂದರು. ರಾತ್ರಿ ಎರಡು ಸಲ ಎದ್ದು ಅಮ್ಮನನ್ನು ಹೊರಳಿಸಬೇಕು. ಬೆಳಗ್ಗೆ ಎಂಟಕ್ಕೆ ಅವರೂ ಕೆಲಸಕ್ಕೆ ಹೋಗಬೇಕು. ದೂರುವ ದನಿಯಲ್ಲಿ ಅಲ್ಲ, ಲೆಕ್ಕ ಹೇಳುವ ದನಿಯಲ್ಲಿ ಅವರು ಹೇಳಿದರು: “ಅಣ್ಣ ಅಲ್ಲಿನ ಮಕ್ಕಳಿಗೆ ಮಾತು ಕೊಟ್ಟ. ಅದನ್ನ ನಡೆಸ್ತಿರೋಳು ಇಲ್ಲಿ ನಾನು.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ದೂರದವರಿಗೆ ಕೊಟ್ಟ ಮಾತಿನ ಬೆಲೆಯನ್ನು ಬಹಳ ಸಲ ಹತ್ತಿರದವರು ತೆರುತ್ತಾರೆ. ಹೆಂಗಸರೇ ಹೆಚ್ಚಾಗಿ ತೆರುತ್ತಾರೆ. ಅದಕ್ಕೆ ಹಾರವಿಲ್ಲ, ಭಾಷಣವಿಲ್ಲ, ಕಡತದಲ್ಲಿ ಆದ್ಯತೆಯಿಲ್ಲ. ಕಠಿಣ ಸ್ಥಳ ಯಾವುದೆಂದು ನಿಜವಾಗಿ ಪಟ್ಟಿ ಮಾಡಿದರೆ ಆ ತಂಗಿಯ ನಡುಮನೆಯೂ ಅದರಲ್ಲಿ ಸೇರಬೇಕು.

ಎರಡು ದಿನ ಯೋಚಿಸಿ ಹೀಗೆ ಬರೆದೆ. ಅರ್ಜಿಯನ್ನು ಪರೀಕ್ಷೆ ಮುಗಿಯುವವರೆಗೆ ಹಾಕಬೇಡ. ಕರಾರು ಇನ್ನು ಆರೇ ತಿಂಗಳದು. ಆದರೆ ನಿನ್ನ ಮಾತನ್ನು ನೀನೇ ನಡೆಸು. ರಾತ್ರಿ ಅಮ್ಮನನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ, ಸಂಬಳ ನೀನು ಕಳುಹಿಸು. ಡಿಸೆಂಬರಿನೊಳಗೆ ಪಾಠ ಮುಗಿಸಿ, ಜನವರಿಯ ರಜದ ಅಷ್ಟೂ ದಿನ ಇಲ್ಲಿಗೆ ಬಂದು ಅಮ್ಮನ ಹಾಸಿಗೆಯ ಪಕ್ಕದಲ್ಲಿ ಮಲಗು; ಆ ರಜ ತಂಗಿಯದು, ನಿನ್ನದಲ್ಲ. ಹೊರಡುವ ಮೊದಲು ಹಿಂತಿರುಗುವ ತಾರೀಖನ್ನು ಬೋರ್ಡಿನ ಮೇಲೆ ಬರೆದು ಬಾ. ಪರೀಕ್ಷೆಯಾದ ಮೇಲೆ, ಏಪ್ರಿಲಿನಲ್ಲಿ ಅರ್ಜಿ ಹಾಕು. ಆಗ ಆ ಮಕ್ಕಳಿಗೆ, ನಿಮ್ಮಿಂದ ಬೇಜಾರಾಗಿ ಹೋಗುತ್ತಿಲ್ಲ ಎಂದು ನಗದೆ ಹೇಳಬಲ್ಲೆ.

ಬರೆದದ್ದು ಸರಿಯೋ ತಪ್ಪೋ ತಿಳಿಯದು. ಎಂಬತ್ತೊಂದರ ವಯಸ್ಸಿನಲ್ಲಿ ಆರು ತಿಂಗಳು ಸಣ್ಣ ಅವಧಿಯಲ್ಲ. ಅಮ್ಮ ಏಪ್ರಿಲನ್ನು ಕಾಣದಿದ್ದರೆ ನನ್ನ ಸಲಹೆ ನನ್ನನ್ನು ಬಿಡುವುದಿಲ್ಲ. ಆ ಭಯವನ್ನೂ ಕಾಗದದಲ್ಲಿ ಬರೆದು, ಡಾಕ್ಟರು ಬೇರೆ ಮಾತು ಹೇಳಿದರೆ ಮಾರನೆಯ ದಿನವೇ ಹೊರಟು ಬಾ, ಮಕ್ಕಳಿಗೆ ಕಾರಣವನ್ನು ಬಿಚ್ಚಿ ಹೇಳಿ ಬಾ ಎಂದು ಸೇರಿಸಿದೆ. ಅಜ್ಜಿಯರಿರುವ ಮನೆಗಳಿಂದ ಬರುವ ಮಕ್ಕಳು ಅವರು. ಕಾರಣ ತಿಳಿದರೆ ಒಪ್ಪಿಯಾರು. ಒಪ್ಪದಿರುವುದು ಕಾರಣ ಹೇಳದೆ ಹೋಗುವುದನ್ನು.

ಮೊನ್ನೆ ಉತ್ತರ ಬಂತು. ರಾತ್ರಿಯ ಹೊತ್ತಿಗೆ ಒಬ್ಬ ಹೆಂಗಸನ್ನು ಗೊತ್ತುಮಾಡಲು ತಂಗಿಗೆ ಹಣ ಕಳುಹಿಸಿದ್ದಾರೆ. ಜೊತೆಗೆ ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಪ್ರಶ್ನೆ ಕೇಳಿದ ಆ ಹುಡುಗ ಈಗ ಕಾಲೇಜಿನಲ್ಲಿದ್ದಾನಂತೆ, ಅವನ ವಿಳಾಸ ಹುಡುಕಿ, ಮೂರು ವರ್ಷ ತಡವಾಗಿ, “ಹೌದಪ್ಪ, ಬೇಜಾರಾಗಿಯೇ ಹೋದೆ. ಆದರೆ ನಿಮ್ಮಿಂದಲ್ಲ. ಪರೀಕ್ಷೆಯವರೆಗೆ ಇರಬೇಕಾಗಿತ್ತು” ಎಂದು ಒಂದು ಕಾಗದ ಬರೆದಿದ್ದಾರೆ. ಅವನು ಇನ್ನೂ ಉತ್ತರ ಬರೆದಿಲ್ಲ.